ಚೀಟಿಯಿಲ್ಲದ ಸೀಸೆ

ಕೊಂಢವಾ, ಪುಣೆ

ಪುಟ್ಟಿ,

‘ಮೊದಲು ಹಿಂಜವಡಿಯ ಕಂಪನಿ ಕೆಲಸ, ಆಕ್ಟೋಪಸ್ ಅಧ್ಯಯನ ಆಮೇಲೆ ನೋಡಿದರಾಯಿತು’ ಅಂದೆಯಲ್ಲ, ಮೊನ್ನೆಯಿಂದ ಸರಿಯಾಗಿ ನಿದ್ದೆಯಿಲ್ಲ. ಆಮೇಲೆ ಅಂದರೆ ಯಾವಾಗ?

ನಾನೂ ಹಾಗೇ ಅಂದುಕೊಂಡವನು. ಓದುವ ಕಾಲಕ್ಕೆ ನಸುಕಿನಲ್ಲೇ ಮಂಗಳೂರಿನ ಧಕ್ಕೆಗೆ ಹೋಗಿ ಬೋಟುಗಳಿಗೆ ಕಾಯುತ್ತಿದ್ದೆ. ಬೊಂಡಾಸ್ (ಸ್ಕ್ವಿಡ್), ಸಿಗಡಿ ಆರಿಸಿಕೊಂಡು ಉಳಿದ ಕಸಮೀನನ್ನು ಗುಡ್ಡೆ ಹಾಕುತ್ತಿದ್ದರು. ಅದರಲ್ಲಿ ಒಂದು ದಿನ ಅಂಗೈಯಗಲದ ಆಕ್ಟೋಪಸ್ ಸಿಕ್ಕಿತು. ಬಲಗಡೆಯ ಮೂರನೇ ತೋಳಿನ ತುದಿ ನೋಡಿ ಗಂಡೆಂದು ಗುರುತಿಸಿದೆ. ತೋಳು ಅಳೆದೆ, ಕಿವಿರಿನ ಎಸಳು ಎಣಿಸಿದೆ. ನನ್ನಲ್ಲಿದ್ದ ಯಾವ ವಿವರಣೆಗೂ ಅದು ಹೊಂದಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಫಾರ್ಮಲಿನ್‌ನಲ್ಲಿ ಮುಳುಗಿಸಿ, ಚೀಟಿ ನಾಳೆ ಬರೆದರಾಯಿತು ಅಂದುಕೊಂಡೆ. ಅದೇ ವಾರ ಪುಣೆಯ ಔಷಧ ಕಂಪನಿಯಿಂದ ಪತ್ರ ಬಂತು. ಮನೆಯಲ್ಲಿ ಸಾಲವಿತ್ತು, ಹೊರಟುಬಿಟ್ಟೆ. ಎರಡು ವರ್ಷ ಕಳೆದು ಮಂಗಳೂರಿಗೆ ಮರಳಿ ಹೋದಾಗ ಸೀಸೆ ಇತ್ತು. ಅಳತೆಯ ಹಾಳೆ ಇರಲಿಲ್ಲ. ಯಾವ ಬೋಟು, ಎಷ್ಟು ಆಳ, ಯಾವ ದಿನ, ಒಂದೂ ನೆನಪಿರಲಿಲ್ಲ. ಹುಟ್ಟೂರು ಗೊತ್ತಿಲ್ಲದ ಮಾದರಿಯನ್ನು ಯಾರು ಒಪ್ಪುತ್ತಾರೆ?

ಕಂಪನಿ ಕೆಲಸ ಕೆಟ್ಟದ್ದೆನ್ನಲಾರೆ. ನಿನ್ನಮ್ಮನ ಮದುವೆಯಾದದ್ದೇ ಆ ಸಂಬಳದಿಂದ. ಆದರೆ ನಿನ್ನ ತಲೆಯ ಮೇಲೆ ಸಾಲವಿಲ್ಲ. ಅಂಜಿಕೆಗೆ ಜಾಣತನವೆಂದು ಹೆಸರಿಡಬೇಡ.

ಈ ಅಧ್ಯಯನವನ್ನು ನೀನು ‘ಕಸಕ್ಕೆ ಹೆಸರಿಡುವ ಕೆಲಸ’ ಅಂದದ್ದಕ್ಕಂತೂ ಸಿಟ್ಟೇ ಬಂತು. 2025ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಗೀತಾ ಶಶಿಕುಮಾರ್ ಮತ್ತು ಕೆ. ಕೆ. ಸಾಜಿಕುಮಾರ್ ಅರಬ್ಬಿ ಸಮುದ್ರದ ಸುಮಾರು 390 ಮೀಟರ್ ಆಳದಲ್ಲಿ ಸಿಕ್ಕ ಹೊಸ ‘ಆಕ್ಟೋಪಸ್ ಸ್ಕ್ವಿಡ್’ ಅನ್ನು ಲೋಕಕ್ಕೆ ತಿಳಿಸಿದರು. ಬೊಂಡಾಸಿನ ಬಳಗದ್ದೇ; ಮರಿಯಲ್ಲಿದ್ದ ಎರಡು ಉದ್ದ ಬಾಹುಗಳು ಬೆಳೆದ ಮೇಲೆ ಇರುವುದಿಲ್ಲ, ಎಂಟೇ ತೋಳು ಉಳಿಯುತ್ತವೆ. ಕೊಕ್ಕು, ಒಳಗಿನ ಗರಿಯಂಥ ಚಿಪ್ಪು, ಡಿಎನ್‌ಎ ಎಲ್ಲವನ್ನೂ ಹೋಲಿಸಿ ನೋಡಿ, ಸಂಸ್ಥೆಯ ಹಿಂದಿನ ನಿರ್ದೇಶಕ ಇ. ಜಿ. ಸೈಲಸ್ ಅವರ ನೆನಪಿಗೆ ‘ಟಾನಿಂಜಿಯಾ ಸೈಲಾಸಿ’ ಎಂದು ಹೆಸರಿಟ್ಟರು. ನಮ್ಮ ಕಡಲಿನಲ್ಲಿ ಏನಿದೆ ಎಂಬುದೇ ಗೊತ್ತಿಲ್ಲದಿದ್ದರೆ ಏನು ಕಳೆದುಹೋಯಿತೆಂದು ಹೇಗೆ ತಿಳಿಯುತ್ತದೆ, ಮಗಳೇ?

ಬೈದೆನೆಂದು ನೊಂದುಕೊಳ್ಳಬೇಡ. ನೀನು ಮಲ್ಪೆಯಿಂದ ತಂದ ಮೂರು ಮಾದರಿಗಳ ಸೀಸೆಗಳಿಗೆ ಚೀಟಿ ಹಾಕಿದೆಯಾ? ಪೆನ್ಸಿಲಿನಲ್ಲೇ ಬರೆ, ಶಾಯಿ ಕರಗುತ್ತದೆ. ಮುಂದಿನ ಸಲ ಫಾರ್ಮಲಿನ್‌ಗೆ ಹಾಕುವ ಮೊದಲೇ ತೋಳಿನ ಒಂದು ಚೂರನ್ನು ಆಲ್ಕೋಹಾಲಿನಲ್ಲಿ ತೆಗೆದಿಡು, ಡಿಎನ್‌ಎ ಕೆಡದಂತೆ. ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಕೇಂದ್ರವಿದೆ. ಭಾನುವಾರ ಮನೆಗೆ ಬಾ, ಸೋಮವಾರ ಇಬ್ಬರೂ ಅಲ್ಲಿಗೆ ಹೋಗಿ ವಿಚಾರಿಸಿ ಬರೋಣ.

ನಿನ್ನ ಮಾವ