ಆಲೂಗೆಡ್ಡೆಯ ತವರಿನಲ್ಲಿ

ದೋಸೆಯ ಪಲ್ಯದಿಂದ ಹಿಡಿದು ಮದುವೆಯ ಮನೆಯ ಸಾಗುವಿನವರೆಗೆ ಕನ್ನಡನಾಡಿನ ಅಡುಗೆಯಲ್ಲಿ ಆಲೂಗೆಡ್ಡೆ ಬೆರೆತುಹೋಗಿದೆ. ಅದು ಈ ಮಣ್ಣಿನಲ್ಲಿ ಹುಟ್ಟಿದ್ದಲ್ಲವೆಂದರೆ ನಂಬುವುದು ಕಷ್ಟ. ಅದನ್ನು ಕಡಲು ದಾಟಿಸಿ ಭಾರತಕ್ಕೆ ತಂದವರು ಪೋರ್ಚುಗೀಸರು. ಕರಾವಳಿಯಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಬಟಾಟೆ’ ಎಂಬ ಹೆಸರೇ ಇದಕ್ಕೆ ಸಾಕ್ಷಿ. ಅದರ ನಿಜವಾದ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿ. ಪೆರು ಮತ್ತು ಬೊಲಿವಿಯಾ ದೇಶಗಳ ಗಡಿಯಲ್ಲಿರುವ ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಸುಮಾರು 8,000 ವರ್ಷಗಳ ಹಿಂದೆ ಅಲ್ಲಿನ ಜನರು ಕಾಡುಗೆಡ್ಡೆಯನ್ನು ಪಳಗಿಸಿ ಬೆಳೆಯಾಗಿ ಮಾಡಿಕೊಂಡರೆಂದು ತಜ್ಞರು ಹೇಳುತ್ತಾರೆ.

ನಮ್ಮ ಸಂತೆಯಲ್ಲಿ ದೊರೆಯುವ ಆಲೂಗೆಡ್ಡೆಗಳು ಬಣ್ಣದಲ್ಲಿಯೂ ಆಕಾರದಲ್ಲಿಯೂ ಹೆಚ್ಚುಕಡಮೆ ಒಂದೇ ಬಗೆಯವು. ಆಂಡೀಸಿನ ಸಂತೆಯ ನೋಟವೇ ಬೇರೆ. ಅಲ್ಲಿ ಕಪ್ಪು, ಕೆಂಪು, ಹಳದಿ, ನೇರಿಳೆ ಬಣ್ಣದ ಗೆಡ್ಡೆಗಳಿವೆ. ಕೊಯ್ದರೆ ಒಳಗೆ ಬಣ್ಣದ ಉಂಗುರಗಳು ಕಾಣುವ ಗೆಡ್ಡೆಗಳಿವೆ. ಬೆರಳಿನಂತೆ ನೀಳವಾದವು, ಗುಂಡಿನಂತೆ ದುಂಡಾದವು, ಗಂಟುಗಂಟಾದವು ಇವೆ. ಆ ಪ್ರದೇಶದಲ್ಲಿ ಇಂತಹ 4,000ಕ್ಕೂ ಹೆಚ್ಚು ನಾಟಿ ತಳಿಗಳನ್ನು ಗುರುತಿಸಲಾಗಿದೆ. ಕೆಚುವಾ ಭಾಷೆಯನ್ನಾಡುವ ಅಲ್ಲಿನ ರೈತರು ಪ್ರತಿಯೊಂದು ತಳಿಗೂ ಹೆಸರಿಟ್ಟಿದ್ದಾರೆ. ‘ಸೊಸೆಯನ್ನು ಅಳಿಸುವ ಗೆಡ್ಡೆ’ ಎಂಬುದು ಅವುಗಳಲ್ಲಿ ಒಂದು. ಅದರ ಮೈತುಂಬ ಗಂಟುಗಳೂ ತಗ್ಗುಗಳೂ ಇರುವುದರಿಂದ ತಿರುಳು ಪೋಲಾಗದಂತೆ ಸಿಪ್ಪೆ ಸುಲಿಯುವುದು ಬಹಳ ಕಷ್ಟ. ಮನೆಗೆ ಬರುವ ಸೊಸೆಯ ಕೈಚಳಕವನ್ನು ಅತ್ತೆ ಆ ಗೆಡ್ಡೆಯಿಂದ ಪರೀಕ್ಷಿಸುತ್ತಿದ್ದಳೆಂದು ಹೇಳುತ್ತಾರೆ.

ಇಷ್ಟೊಂದು ತಳಿಗಳು ಉಳಿದುಬಂದುದು ದೊಡ್ಡ ಜಮೀನುದಾರರಿಂದಲ್ಲ, ಬೆಟ್ಟದ ಇಳಿಜಾರಿನಲ್ಲಿ ತುಂಡು ಭೂಮಿಯನ್ನು ಉಳುವ ಸಣ್ಣ ಕುಟುಂಬಗಳಿಂದ. ಸಮುದ್ರಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿರುವ ಆ ಹೊಲಗಳಲ್ಲಿ ಟ್ರ್ಯಾಕ್ಟರಿನ ಓಡಾಟ ಸುಲಭವಲ್ಲ. ಗಂಡಸರು ಕಾಲಿನಿಂದ ಒತ್ತುವ ನೇಗಿಲಿನಿಂದ ಮಣ್ಣನ್ನು ಎತ್ತಿದರೆ, ಹೆಂಗಸರು ಅದರಡಿಯಲ್ಲಿ ಬಿತ್ತನೆಯ ಗೆಡ್ಡೆಯನ್ನು ಇಡುತ್ತಾರೆ. ಮುಂದಿನ ವರ್ಷಕ್ಕೆ ಯಾವ ಗೆಡ್ಡೆಯನ್ನು ಬಿತ್ತನೆಗೆ ತೆಗೆದಿಡಬೇಕೆಂದು ಆರಿಸುವ ಹೊಣೆಯೂ ಬಹುಮಟ್ಟಿಗೆ ಹೆಂಗಸರದೇ.

ಒಂದು ಕುಟುಂಬ ಒಂದೇ ಹೊಲದಲ್ಲಿ ಹತ್ತಾರು ತಳಿಗಳನ್ನು ಬೆರೆಸಿ ನೆಡುತ್ತದೆ. ಇದು ಹಳೆಯ ಕಾಲದ ಜನರ ಅಜ್ಞಾನವೆಂದು ಭಾವಿಸಬಾರದು. ಆ ಎತ್ತರದಲ್ಲಿ ಒಂದು ರಾತ್ರಿಯ ಕೊರೆಯುವ ಚಳಿ ಬೆಳೆಯನ್ನು ಸುಟ್ಟುಬಿಡಬಲ್ಲದು, ಆಲಿಕಲ್ಲು ಬೀಳಬಹುದು, ಹುಳು ಮುತ್ತಬಹುದು, ಮಳೆ ತಡವಾಗಬಹುದು. ಒಂದು ತಳಿ ಚಳಿಯನ್ನು ತಾಳುತ್ತದೆ, ಇನ್ನೊಂದು ರೋಗವನ್ನು ತಡೆಯುತ್ತದೆ, ಮತ್ತೊಂದು ಬೇಗ ಬಲಿಯುತ್ತದೆ. ಎಂತಹ ಕೆಟ್ಟ ವರ್ಷದಲ್ಲಿಯೂ ಯಾವುದಾದರೊಂದು ತಳಿ ಕೈಹಿಡಿಯುತ್ತದೆ. ಬಾಯಿಗಿಟ್ಟರೆ ಕಹಿಯಾದ ಕೆಲವು ಗೆಡ್ಡೆಗಳನ್ನು ಸಹ ಅವರು ಬಿಡುವುದಿಲ್ಲ. ಏಕೆಂದರೆ ತೀವ್ರವಾದ ಚಳಿಯನ್ನು ತಡೆಯುವ ಶಕ್ತಿ ಅವುಗಳಿಗೆ ಹೆಚ್ಚು. ಅವನ್ನು ರಾತ್ರಿಯ ಚಳಿಯಲ್ಲಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ‘ಚುನ್ಯೋ’ ಎಂದು ಕರೆಯುವ ಈ ಒಣಗೆಡ್ಡೆ ವರ್ಷಗಟ್ಟಲೆ ಕೆಡದೆ ಉಳಿದು ಬರಗಾಲದಲ್ಲಿ ಮನೆಯವರನ್ನು ಕಾಪಾಡುತ್ತದೆ.

ಈ ವೈವಿಧ್ಯವಿಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಐರ್ಲೆಂಡಿನ ಇತಿಹಾಸ ಕಣ್ಣೆದುರಿಗಿದೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದದ್ದು ಆಂಡೀಸಿನ ಸಾವಿರಾರು ತಳಿಗಳಲ್ಲಿ ಕೆಲವನ್ನು ಮಾತ್ರ. ಕಾಲಾನಂತರ ಐರ್ಲೆಂಡಿನ ಬಡವರು ಅಲ್ಪ ಭೂಮಿಯಲ್ಲಿ ಹೊಟ್ಟೆತುಂಬ ಆಹಾರ ಕೊಡುವ ಈ ಬೆಳೆಯನ್ನೇ ನೆಚ್ಚಿಕೊಂಡರು. ಅದರಲ್ಲಿಯೂ ಹೆಚ್ಚು ಇಳುವರಿಯ ‘ಲಂಪರ್’ ಎಂಬ ತಳಿ ಬಡವರ ಹೊಲಗಳನ್ನು ಆಕ್ರಮಿಸಿತು. 1845ರಲ್ಲಿ ಅಂಗಮಾರಿ ರೋಗ ಆ ದೇಶವನ್ನು ಹೊಕ್ಕಿತು. ಹಸಿರಾಗಿದ್ದ ಗಿಡಗಳು ಕೆಲವೇ ದಿನಗಳಲ್ಲಿ ಕಪ್ಪಾದವು. ನೆಲದೊಳಗಿನ ಗೆಡ್ಡೆಗಳು ಕೊಳೆತು ನಾರಿದವು. ಮರುವರ್ಷ ಬೆಳೆ ಬಹುತೇಕ ಪೂರ್ಣವಾಗಿ ನಾಶವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಹಸಿವಿನಿಂದಲೂ ರೋಗರುಜಿನಗಳಿಂದಲೂ ಸುಮಾರು ಹತ್ತು ಲಕ್ಷ ಜನರು ಮಡಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನರು ತಾಯ್ನಾಡನ್ನು ತೊರೆದು ಹಡಗನ್ನೇರಿದರು. ಭೂಮಾಲೀಕರ ಗೇಣಿಯೂ ಆಳುವವರ ಉದಾಸೀನವೂ ಆ ದುರಂತವನ್ನು ಹೆಚ್ಚಿಸಿದವು. ಆದರೆ ರೋಗಕ್ಕೆ ಬಾಗಿಲು ತೆರೆದದ್ದು ಒಂದೇ ತಳಿಯ ಮೇಲಿಟ್ಟ ನೆಚ್ಚಿಕೆ.

ಇದಕ್ಕೆ ಗೆಡ್ಡೆಯ ಬೆಳೆಗಳ ಸ್ವಭಾವವೇ ಕಾರಣ. ರಾಗಿಯನ್ನೋ ಅವರೆಯನ್ನೋ ಬೀಜದಿಂದ ಬೆಳೆಯುತ್ತಾರೆ. ಆಲೂಗೆಡ್ಡೆಯನ್ನಾದರೋ ಗೆಡ್ಡೆಯ ಕಣ್ಣಿನಿಂದ ಬೆಳೆಯುತ್ತಾರೆ. ಹೀಗೆ ಹುಟ್ಟಿದ ಗಿಡ ತಾಯಿಗಿಡದ ಮಗುವಲ್ಲ, ತಾಯಿಗಿಡದ ಇನ್ನೊಂದು ತುಂಡು. ಹೊಲದ ತುಂಬ ಒಂದೇ ತಳಿಯನ್ನು ನೆಟ್ಟರೆ ಒಂದೇ ಗಿಡವನ್ನು ಸಾವಿರ ಕಡೆ ನೆಟ್ಟಂತಾಯಿತು. ಒಂದನ್ನು ಕೊಲ್ಲಬಲ್ಲ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ಮತ್ತೊಂದು ತೊಡಕೂ ಇದೆ. ಕಾಳನ್ನು ಒಣಗಿಸಿ ಇಟ್ಟರೆ ಕೆಲವು ವರ್ಷಗಳ ಮೇಲೂ ಬಿತ್ತಬಹುದು. ಹಸಿ ಗೆಡ್ಡೆ ಹಾಗೆ ಕಾಯುವುದಿಲ್ಲ. ಅದು ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಅದನ್ನು ಬಿತ್ತುವ ಕೈಗಳು ಒಂದೆರಡು ವರ್ಷ ಸುಮ್ಮನಾದರೆ ಸಾವಿರಾರು ವರ್ಷ ಬಾಳಿದ ತಳಿಯೊಂದು ಸದ್ದಿಲ್ಲದೆ ಕಣ್ಮರೆಯಾಗುತ್ತದೆ.

ಇಂದು ಅಂತಹ ಅಪಾಯ ಆಂಡೀಸಿನಲ್ಲಿಯೇ ತಲೆದೋರಿದೆ. ಪೇಟೆಯ ವ್ಯಾಪಾರಿಗೆ ಬೇಕಾದುದು ನಯವಾದ ಸಿಪ್ಪೆಯ, ಒಂದೇ ಗಾತ್ರದ ಗೆಡ್ಡೆ. ತರುಣರು ಕೆಲಸವನ್ನರಸಿ ನಗರಗಳಿಗೆ ಹೋಗುತ್ತಿದ್ದಾರೆ. ಹವೆ ಬಿಸಿಯಾಗುತ್ತಿರುವುದರಿಂದ ರೈತರು ತಮ್ಮ ತಳಿಗಳನ್ನು ಹಿಂದಿಗಿಂತ ಎತ್ತರದ ಹೊಲಗಳಿಗೆ ಒಯ್ಯಬೇಕಾಗಿದೆ. ಬೆಟ್ಟಕ್ಕೆ ತುದಿಯೆಂಬುದೊಂದು ಇದೆಯಷ್ಟೆ. ಅದರಾಚೆಗೆ ಹೋಗಲು ನೆಲವಿಲ್ಲ.

ಪೆರುವಿನ ರಾಜಧಾನಿ ಲೀಮಾದಲ್ಲಿ 1971ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರವು ಸಾವಿರಾರು ತಳಿಗಳನ್ನು ಗಾಜಿನ ಪ್ರನಾಳಗಳಲ್ಲಿ ಪುಟ್ಟ ಸಸಿಗಳಾಗಿ ಕಾಪಾಡುತ್ತಿದೆ. ಕುಸ್ಕೋ ನಗರದ ಬಳಿಯ ಪಿಸಾಕ್ ಪ್ರದೇಶದಲ್ಲಿ ಕೆಲವು ಕೆಚುವಾ ಗ್ರಾಮಗಳು ಒಂದುಗೂಡಿ ತಮ್ಮ ಭೂಮಿಯನ್ನು ‘ಆಲೂಗೆಡ್ಡೆಯ ಉದ್ಯಾನ’ವೆಂದು ಘೋಷಿಸಿಕೊಂಡಿವೆ. 2004ರಲ್ಲಿ ಇವೆರಡರ ನಡುವೆ ಒಂದು ಒಪ್ಪಂದವಾಯಿತು. ಅದರಂತೆ ಕೇಂದ್ರವು ತಾನು ಕಾಪಾಡಿದ್ದ 400ಕ್ಕೂ ಹೆಚ್ಚು ತಳಿಗಳನ್ನು ರೋಗಮುಕ್ತಗೊಳಿಸಿ ರೈತರ ಹೊಲಗಳಿಗೆ ಹಿಂದಿರುಗಿಸಿತು. ತವರು ಬಿಟ್ಟ ಗೆಡ್ಡೆಗಳು ಮರಳಿ ತವರಿಗೆ ಬಂದವು.

ಪ್ರನಾಳದಲ್ಲಿ ತಳಿ ಭದ್ರವಾಗಿರುವಾಗ ಹೊಲವೇಕೆ ಬೇಕು ಎಂದು ಯಾರಾದರೂ ಕೇಳಬಹುದು. ಪ್ರನಾಳದೊಳಗಿನ ಸಸಿಗೆ ಹೊಸ ರೋಗದ ಪರಿಚಯವಿಲ್ಲ, ಬದಲಾಗುವ ಮಳೆಯ ಅರಿವಿಲ್ಲ. ಹೊಲದಲ್ಲಿಯಾದರೋ ಹೂವು ಹೂವು ಬೆರೆತು ಕಾಯಿ ಕಟ್ಟಿ, ಆಗೊಮ್ಮೆ ಈಗೊಮ್ಮೆ ಹೊಸ ತಳಿ ಹುಟ್ಟುತ್ತದೆ. ಯಾವ ಗೆಡ್ಡೆ ಯಾವ ಮಣ್ಣಿಗೆ ಒಗ್ಗುತ್ತದೆ, ಯಾವುದನ್ನು ಹೇಗೆ ಬೇಯಿಸಬೇಕು ಎಂಬ ಜ್ಞಾನ ಪ್ರನಾಳದಲ್ಲಿ ಉಳಿಯದು. ಅದು ಉಳಿಯುವುದು ಬೆಳೆಯುವ, ಉಣ್ಣುವ ಮನೆಗಳಲ್ಲಿ. ಕೇಂದ್ರ ಮತ್ತು ಹೊಲ ಒಂದಕ್ಕೊಂದು ಆಸರೆಯೇ ಹೊರತು ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಆದರೆ ಲೋಕದ ಸಂಪತ್ತನ್ನು ಕಾಯುವ ಹೊರೆಯನ್ನು ಬಡರೈತನೊಬ್ಬನೇ ಹೊರಬೇಕೆ? ಹಳೆಯ ತಳಿಯನ್ನು ಉಳಿಸಬೇಕೆಂದು ಅವನಿಗೆ ಉಪದೇಶಿಸಿ, ಅವನ ಗೆಡ್ಡೆಯನ್ನು ಕೊಳ್ಳದೆ ಹೋಗುವುದು ನ್ಯಾಯವಲ್ಲ. ಈಚಿನ ದಶಕಗಳಲ್ಲಿ ಬಣ್ಣಬಣ್ಣದ ನಾಟಿ ಗೆಡ್ಡೆಗಳಿಗೆ ಪೆರುವಿನ ನಗರಗಳಲ್ಲಿ ಬೇಡಿಕೆ ಹುಟ್ಟಿರುವುದು ಸಮಾಧಾನದ ಸಂಗತಿ. ಕೊಳ್ಳುವವನೂ ಸಂರಕ್ಷಣೆಯಲ್ಲಿ ಪಾಲುಗಾರನಾದಾಗ ತಳಿಯೂ ಉಳಿಯುತ್ತದೆ, ಬೆಳೆದವನ ಮನೆಯ ಒಲೆಯೂ ಉರಿಯುತ್ತದೆ.

ಈ ಮಾತು ಕನ್ನಡನಾಡಿಗೆ ದೂರದ್ದಲ್ಲ. ಆಲೂಗೆಡ್ಡೆಗೆ ಹೆಸರಾದ ಹಾಸನ ಜಿಲ್ಲೆಯ ರೈತರು ಬಿತ್ತನೆಯ ಗೆಡ್ಡೆಗೆ ದೂರದ ಪಂಜಾಬನ್ನು ಅವಲಂಬಿಸಿದ್ದಾರೆ. ಅಲ್ಲಿ ಬಹುಕಾಲ ಹೆಚ್ಚಾಗಿ ಬೆಳೆದುಬಂದದ್ದು 1968ರಲ್ಲಿ ಬಿಡುಗಡೆಯಾದ ‘ಕುಫ್ರಿ ಜ್ಯೋತಿ’ ಎಂಬ ಒಂದೇ ತಳಿ. ಮೊದಲಿಗೆ ರೋಗವನ್ನು ತಡೆಯುತ್ತಿದ್ದ ಆ ತಳಿ ಕ್ರಮೇಣ ಆ ಶಕ್ತಿಯನ್ನು ಕಳೆದುಕೊಂಡಿತು. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದ ವರ್ಷಗಳಲ್ಲಿ, ಐರ್ಲೆಂಡನ್ನು ಕಾಡಿದ ಅದೇ ಅಂಗಮಾರಿ ಹಾಸನದ ಹೊಲಗಳನ್ನೂ ಕಾಡಿದೆ. ರೋಗವನ್ನು ಗೆಲ್ಲುವ ಹೊಸ ತಳಿಗಾಗಿ ವಿಜ್ಞಾನಿಗಳು ಕೈಚಾಚುವುದು ಕಾಡುಗೆಡ್ಡೆಗಳ ಕಡೆಗೆ, ಹಳೆಯ ತಳಿಗಳ ಕಡೆಗೆ.

ನಮ್ಮಲ್ಲಿಯೂ ಕೆಸು, ಸುವರ್ಣಗೆಡ್ಡೆ, ಹೆಗ್ಗೆಣಸು, ಕೂವೆಗೆಡ್ಡೆಗಳ ನಾನಾ ಬಗೆಗಳು ಹಿತ್ತಿಲುಗಳಲ್ಲಿ ಇನ್ನೂ ಉಳಿದಿವೆ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಕುಣಬಿ ಕುಟುಂಬಗಳು ಕಾಡಿನಂಚಿನ ತಮ್ಮ ತುಂಡು ಭೂಮಿಯಲ್ಲಿ ಇಂತಹ ಗೆಡ್ಡೆಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ಜೋಯಿಡಾದಲ್ಲಿ ನಡೆಯುವ ಗೆಡ್ಡೆಗೆಣಸಿನ ಮೇಳದಲ್ಲಿ ಅವು ರಾಶಿರಾಶಿಯಾಗಿ ಕಾಣಿಸಿಕೊಳ್ಳುತ್ತವೆ. ಆಂಡೀಸಿನ ಕೆಚುವಾ ರೈತನೂ ಜೋಯಿಡಾದ ಕುಣಬಿ ರೈತನೂ ಪರಸ್ಪರ ಕಂಡವರಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಇಬ್ಬರೂ ಮಾಡುವ ಕೆಲಸ ಒಂದೇ: ಅಗೆದು ತೆಗೆದ ಗೆಡ್ಡೆಗಳಲ್ಲಿ ಎಲ್ಲವನ್ನೂ ಉಣ್ಣದೆ, ಎಲ್ಲವನ್ನೂ ಮಾರದೆ, ಪ್ರತಿಯೊಂದು ಬಗೆಯಲ್ಲಿಯೂ ಒಂದಿಷ್ಟನ್ನು ಮುಂದಿನ ಮಳೆಗೆಂದು ತೆಗೆದಿಡುವುದು.