ಇಪ್ಪತ್ತರ ವಯಸ್ಸಿನ ಸೊಂಟನೋವು

ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಈಚೆಗೆ ಬಂದ ಒಂದು ಅರ್ಜಿ ನರ್ಸಿಂಗ್ ಮೂರನೇ ವರ್ಷದ ಹುಡುಗಿಯದು. ಕೇಳಿದ್ದು ಸೊಂಟದ ಎಂಆರ್‌ಐ ಖರ್ಚು. ಈ ವಯಸ್ಸಿಗೇ ಸೊಂಟನೋವೇ ಎಂದು ನನಗೆ ಅನುಮಾನ. ಬ್ಯಾಂಕಿನಲ್ಲಿ ಸಾಲದ ಅರ್ಜಿ ಪರಿಶೀಲಿಸಿದ ಚಾಳಿ ಇನ್ನೂ ಹೋಗಿಲ್ಲ. ಕರೆದು ಕೇಳಿದೆ.

"ರೋಗಿಯ ಮಗ್ಗುಲು ಬದಲಿಸಲು ಇಬ್ಬರು ಬೇಕು ಅಂಕಲ್, ಎಷ್ಟೋ ಸಲ ನಾನೊಬ್ಬಳೇ ಇರ್ತೀನಿ. ನೋವು ಅಂದರೆ ಕೈಲಾಗದವಳು ಅಂತಾರೆ. ಪರೀಕ್ಷೆ ಬೇರೆ ಹತ್ತಿರ ಬಂತು," ಎಂದಳು.

ಆಮೇಲೆ ಈ ವಿಷಯ ಓದಿದೆ. ಬಾಗಿ, ಮೈ ತಿರುಚಿ, ಭಾರವನ್ನು ದೂರ ಹಿಡಿದು ಎತ್ತಿದರೆ ಕೆಳಬೆನ್ನಿನ ಮೇಲೆ ಹೊರೆ ಬಹಳ ಹೆಚ್ಚುತ್ತದೆ. ದಂತವೈದ್ಯ ವಿದ್ಯಾರ್ಥಿಗಳಿಗೆ ಕತ್ತಿನದೇ ತೊಂದರೆ. ಒತ್ತಡವೂ ಸೇರಿದರೆ ಸ್ನಾಯು ಬಿಗಿಯುತ್ತದೆ, ನಿದ್ದೆ ಕೆಡುತ್ತದೆ, ನೋವು ಹೆಚ್ಚೆನಿಸುತ್ತದೆ. ಆ ನೋವೇ ಮತ್ತೆ ಚಿಂತೆ ತರುತ್ತದೆ. ಚಕ್ರಬಡ್ಡಿಯ ಲೆಕ್ಕ. 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ ಕತ್ತಿನಿಂದ ಪಾದದವರೆಗೆ ದೇಹದ 9 ಭಾಗಗಳ ಬಗ್ಗೆ ವಿಚಾರಿಸುತ್ತದೆ: ಕಳೆದ 12 ತಿಂಗಳಲ್ಲಿ ನೋವಿತ್ತೇ, ಕಳೆದ 7 ದಿನಗಳಲ್ಲಿ ಇತ್ತೇ, ನಿತ್ಯದ ಕೆಲಸಕ್ಕೆ ಅಡ್ಡಿಯಾಯಿತೇ? ಇವಳನ್ನು ಹಾಗೆ ಯಾರೂ ಕೇಳಿರಲಿಲ್ಲ.

ಮೂಳೆತಜ್ಞರು ಪರೀಕ್ಷಿಸಿದರು. ಕಾಲಿಗೆ ಜೋಮು, ಬಲಹೀನತೆ, ಮೂತ್ರದ ಹಿಡಿತ ತಪ್ಪುವುದು ಯಾವುದೂ ಇಲ್ಲದ್ದರಿಂದ ಎಂಆರ್‌ಐ ಈಗ ಬೇಡ, ಫಿಸಿಯೋಥೆರಪಿ ಮಾಡಿಸಿ ಎಂದರು. ತೊಡಕು ಅಲ್ಲೇ. ನಮ್ಮ ನಿಯಮದಲ್ಲಿ ಸ್ಕ್ಯಾನಿಗೆ ನೆರವುಂಟು, ಫಿಸಿಯೋಥೆರಪಿಗಿಲ್ಲ! ಮೊದಲ ಕಂತನ್ನು ಸಮಿತಿಯ ನಾವು ಮೂವರು ಕೈಯಿಂದಲೇ ಕೊಟ್ಟೆವು. ನಿಯಮ ತಿದ್ದುವ ಪ್ರಸ್ತಾಪ ಮುಂದಿನ ಸಭೆಗೆ ಬರಲಿದೆ. ದಾನಿಗಳು ಚೆಕ್ಕಿನ ಹಿಂದೆ 'ವಿದ್ಯಾರ್ಥಿ ಫಿಸಿಯೋಥೆರಪಿ' ಎಂದು ಬರೆದರೆ ಆ ಹಣವನ್ನು ಅದಕ್ಕೆಂದೇ ಬೇರೆ ಇಡುತ್ತೇವೆ.