ಅಕ್ಕನನ್ನು ವಿಮಾನ ಹತ್ತಿಸುವ ಮುನ್ನ

ಅಪ್ಪ-ಅವ್ವನನ್ನು ಈ ಸಲ ಬೀದರಿನಿಂದ ಬೆಂಗಳೂರಿಗೆ ವಿಮಾನದಲ್ಲೇ ಕರೆಸಿಕೊಳ್ಳುತ್ತೇನೆ ಅಂದೆಯಲ್ಲ, ಕೇಳಿ ಖುಷಿಯಾಯಿತವ್ವ. ಇಡೀ ರಾತ್ರಿಯ ರೈಲು ಪ್ರಯಾಣ ಈ ವಯಸ್ಸಿನಲ್ಲಿ ಇಬ್ಬರಿಗೂ ಕಷ್ಟ. ಮೇಲಿನ ಬರ್ತ್ ಬಂದರೆ ನಿಮ್ಮವ್ವ, ನನ್ನ ಅಕ್ಕನಿಗೆ ಹತ್ತಲಾಗದು, ಕೆಳಗಿನದು ಸಿಕ್ಕರೂ ನಿಮ್ಮಪ್ಪನಿಗೆ ನಿದ್ದೆ ಹತ್ತದು. ಆಕಾಶದಲ್ಲಾದರೆ ಒಂದು ತಾಸು ಚಿಲ್ಲರೆಯ ಮಾತು. ಕರೆಸಿಕೋ, ಬೇಡ ಅನ್ನುವುದಿಲ್ಲ. ಆದರೆ ನೀನು ದೆಹಲಿಗೋ ಮುಂಬೈಗೋ ಹೋಗುವಾಗ ಹತ್ತುವ ದೊಡ್ಡ ಕಂಪನಿಯ ವಿಮಾನದ ರೂಢಿಯನ್ನೇ ಇಲ್ಲಿಗೂ ಹಚ್ಚಬೇಡ. ಸಣ್ಣ ಊರಿಗೆ ಸಣ್ಣ ಕಂಪನಿ ಹಾರಿಸುವ ವಿಮಾನದ ಲೆಕ್ಕವೇ ಬೇರೆ.

ದೊಡ್ಡ ಕಂಪನಿಯ ಬೆಳಗಿನ ವಿಮಾನ ರದ್ದಾದರೆ ಮಧ್ಯಾಹ್ನದ್ದಕ್ಕೆ ಕೂರಿಸುತ್ತಾರೆ, ಅದೂ ತಪ್ಪಿದರೆ ಸಂಜೆಯದ್ದಕ್ಕೆ. ಅವರ ಹತ್ತಿರ ನೂರಾರು ವಿಮಾನ. ಸಣ್ಣ ಕಂಪನಿಯ ಹತ್ತಿರ ಇರುವುದು ಬೆರಳಲ್ಲಿ ಎಣಿಸುವಷ್ಟು. ಆ ಮಾರ್ಗಕ್ಕೆ ದಿನಕ್ಕೊಂದೇ ಸರ್ವೀಸು, ಕೆಲವು ಕಡೆ ವಾರದಲ್ಲಿ ಮೂರೋ ನಾಲ್ಕೋ ದಿನ ಮಾತ್ರ. ಒಂದೇ ವಿಮಾನ ಬೆಳಿಗ್ಗೆ ಒಂದು ಊರಿಂದ ಹೊರಟು, ಎರಡನೆಯ ಊರಿಗೆ ಹೋಗಿ, ಮೂರನೆಯದನ್ನು ಮುಟ್ಟಿ, ಸಂಜೆಗೆ ಮೊದಲಿನ ಊರಿಗೆ ಮರಳುತ್ತದೆ. ಬೆಳಿಗ್ಗೆ ಬೆಂಗಳೂರಿನಲ್ಲಿ ಮಂಜು ಕವಿದು ಮುಕ್ಕಾಲು ತಾಸು ತಡವಾದರೆ, ಆ ತಡ ಕರಗುವುದಿಲ್ಲ, ಊರಿಂದ ಊರಿಗೆ ಬೆಳೆಯುತ್ತಾ ಹೋಗುತ್ತದೆ. ಆದ್ದರಿಂದ ಆಯ್ಕೆ ಇದ್ದರೆ ಆ ವಿಮಾನದ ದಿನದ ಮೊದಲ ಹಾರಾಟವನ್ನೇ ಹಿಡಿ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಈ ಮಾತು ತಿರುಗಿ ಬೀಳುತ್ತದೆ. ದೇವನಹಳ್ಳಿಯ ಕಡೆ ಆ ತಿಂಗಳುಗಳಲ್ಲಿ ನಸುಕಿನ ಮಂಜು ಕೆಟ್ಟದ್ದು, ಒಂಬತ್ತರ ಮೇಲಿನ ಹೊತ್ತು ವಾಸಿ.

ಸಂಜೆಯ ಹಾರಾಟಕ್ಕೆ ಇನ್ನೊಂದು ತೊಡಕಿದೆ. ಸಣ್ಣ ನಿಲ್ದಾಣಗಳು ಇಪ್ಪತ್ನಾಲ್ಕು ತಾಸೂ ತೆರೆದಿರುವುದಿಲ್ಲ. ಕೆಲವು ಕಡೆ ರಾತ್ರಿ ಇಳಿಯುವ ವ್ಯವಸ್ಥೆಯೇ ಇಲ್ಲ. ಕಣ್ಣಿಗೆ ಕಾಣದಿದ್ದರೂ ರನ್‌ವೇಗೆ ದಾರಿ ತೋರಿಸುವ ಉಪಕರಣ ಎಲ್ಲ ಕಡೆ ಇರುವುದಿಲ್ಲ. ಅದಿಲ್ಲದ ಕಡೆ ಮಳೆಮೋಡ ತಗ್ಗಿಗೆ ಇಳಿದರೆ ಪೈಲಟ್ ಸುತ್ತು ಹೊಡೆದು ಬೇರೆ ಊರಿಗೆ ತಿರುಗಿಸಿಕೊಂಡು ಹೋಗುತ್ತಾನೆ. ಮಳೆಗಾಲದಲ್ಲಿ ಶಿವಮೊಗ್ಗದವರನ್ನು ಕೇಳಿ ನೋಡು, ಅಲ್ಲಿನ ಸೋಗಾನೆ ನಿಲ್ದಾಣದ ಮೇಲೆ ಬಂದು ಬೆಂಗಳೂರಿಗೇ ವಾಪಸಾದ ಕಥೆ ಹೇಳುತ್ತಾರೆ. ಅದರಲ್ಲಿ ಕಂಪನಿಯ ತಪ್ಪೂ ಇಲ್ಲ, ಪೈಲಟನ ತಪ್ಪೂ ಇಲ್ಲ. ನಮ್ಮ ಬೀದರಿನದು ವಾಯುಪಡೆಯ ರನ್‌ವೇ. ನಮ್ಮ ನಾಗರಿಕ ವಿಮಾನಕ್ಕೆ ಅವರು ಬಿಟ್ಟುಕೊಟ್ಟ ಹೊತ್ತಿನಲ್ಲಷ್ಟೇ ಜಾಗ. ಆ ಹೊತ್ತು ಮೀರಿತೆಂದರೆ ಅಂದಿನ ಹಾರಾಟ ಮುಗಿದ ಹಾಗೆ.

ಹಾಗಾಗಿ ನನ್ನ ಮುಖ್ಯ ಮಾತು ಇದು: ಮರುದಿನಕ್ಕೆ ಮುಂದೂಡಲಾಗದ ಕೆಲಸವನ್ನು ಆ ಒಂದು ಹಾರಾಟಕ್ಕೆ ಗಂಟು ಹಾಕಬೇಡ. ಅಕ್ಕನಿಗೆ ಬುಧವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದ್ದರೆ ಸೋಮವಾರಕ್ಕೇ ಟಿಕೆಟ್ ತೆಗೆ. ಮಂಗಳವಾರದ ರಾತ್ರಿ ರೈಲಿನ ವೇಳೆಯನ್ನೂ ನೋಡಿ ಇಟ್ಟುಕೋ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ನಮಗೆ ಬೆಂಗಳೂರಿನ ದಾರಿ ಸಲೀಸಾಗಿದೆ, ಅದನ್ನು ಮರೆಯಬೇಡ. ಇನ್ನೊಂದು ದಾರಿ ಹೈದರಾಬಾದಿನದು. ಕಾರಿನಲ್ಲಿ ಮೂರು ತಾಸಿನ ಆಸುಪಾಸಿಗೆ ಶಂಶಾಬಾದ್ ನಿಲ್ದಾಣ. ಅಲ್ಲಿಂದ ಬೆಂಗಳೂರಿಗೆ ದಿನಕ್ಕೆ ಎಷ್ಟೋ ವಿಮಾನ. ಬೀದರಿನ ಜನ ವರ್ಷಾನುಗಟ್ಟಲೆ ಹಾಗೇ ಹೋಗಿದ್ದಾರೆ. ಹೈದರಾಬಾದ್ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಇನ್ನೊಂದು ನಾಗರಿಕ ನಿಲ್ದಾಣ ಬರಬಾರದು ಎಂಬ ಷರತ್ತಿನಿಂದಾಗಿ ನಮ್ಮ ಟರ್ಮಿನಲ್ ಕಟ್ಟಿಯೂ ಬಹಳ ಕಾಲ ಬೀಗ ಹಾಕಿಕೊಂಡು ಕೂತಿತ್ತು. ಕೊನೆಗೆ 2020ರ ಫೆಬ್ರುವರಿ 7ರಂದು ಟ್ರೂಜೆಟ್‌ನ ವಿಮಾನ ಬೆಂಗಳೂರಿನಿಂದ ಬಂದಿಳಿಯಿತು. ಊರಿಗೆ ಊರೇ ಹಬ್ಬ ಮಾಡಿತು. ಆಮೇಲೆ ಆ ಸೇವೆ ನಿಂತಿತು, ಬೇರೆ ಕಂಪನಿ ಬಂತು, ಅದೂ ನಿಂತಿತು, ಮತ್ತೆ ಬಂತು.

ಹೀಗೇಕೆ ಆಗುತ್ತದೆ ಎಂದು ನಿಮ್ಮಪ್ಪ ಕೇಳಿದರೆ ಹೇಳು. ಇವೆಲ್ಲ ಉಡಾನ್ ಯೋಜನೆಯ ಆಸರೆಯಲ್ಲಿ ಹುಟ್ಟಿದ ಮಾರ್ಗಗಳು. 2017ರ ಏಪ್ರಿಲ್‌ನಲ್ಲಿ ಶಿಮ್ಲಾ-ದೆಹಲಿ ಹಾರಾಟದಿಂದ ಶುರುವಾದ ಯೋಜನೆ ಅದು. ಒಂದು ತಾಸಿನ ಪ್ರಯಾಣಕ್ಕೆ ಸುಮಾರು 2,500 ರೂಪಾಯಿ ಮಿತಿ ಎಂದು ಆಗ ಎಲ್ಲೆಡೆ ಸುದ್ದಿಯಾಯಿತು. ಆ ಮಿತಿ ಎಲ್ಲ ಸೀಟಿಗೂ ಅಲ್ಲ, ವಿಮಾನದ ಒಂದು ಪಾಲು ಸೀಟಿಗೆ ಮಾತ್ರ. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುವುದು ಮೂರು ವರ್ಷ. ಅಷ್ಟರಲ್ಲಿ ಜನ ರೂಢಿ ಮಾಡಿಕೊಂಡು ಸೀಟು ತುಂಬಿದರೆ ಮಾರ್ಗ ಉಳಿಯುತ್ತದೆ, ಇಲ್ಲವಾದರೆ ಕಂಪನಿ ವಿಮಾನವನ್ನು ಲಾಭದ ಊರಿಗೆ ಒಯ್ಯುತ್ತದೆ. ನಮ್ಮ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರು-ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಹಾರಿಸಿದ ದಿನದಿಂದ ಈ ಆಟ ನೋಡುತ್ತಿದ್ದೇನೆ. ಸಣ್ಣ ಊರಿಗೆ ವಿಮಾನ ತರುವುದು ಕಷ್ಟ, ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಮೂರು ತಿಂಗಳ ಮುಂಚೆ ಟಿಕೆಟ್ ಕಾಯ್ದಿರಿಸಿದರೆ ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಹೋಗುವ ವಾರಕ್ಕೆ ಮೊದಲು ಆ ಮಾರ್ಗ ಇನ್ನೂ ಓಡುತ್ತಿದೆಯೇ, ವೇಳೆ ಬದಲಾಗಿದೆಯೇ ಎಂದು ಒಮ್ಮೆ ಕಂಪನಿಗೆ ಫೋನ್ ಮಾಡಿ ಖಾತ್ರಿ ಮಾಡಿಕೋ. ಅಕ್ಟೋಬರ್ ಮತ್ತು ಮಾರ್ಚ್ ಕೊನೆಯಲ್ಲಿ ವೇಳಾಪಟ್ಟಿ ಬದಲಾಗುವ ಕಾಲ, ಆಗ ಇನ್ನೂ ಹುಷಾರಾಗಿರು.

ಬುಕ್ಕಿಂಗ್‌ನಲ್ಲಿ ಯಾರ ಫೋನ್ ನಂಬರ್ ಹಾಕುತ್ತೀ ಅನ್ನುವುದು ಟಿಕೆಟ್ ದರಕ್ಕಿಂತ ಮುಖ್ಯ. ನಮ್ಮ ಕಡೆ ಟ್ರಾವೆಲ್ಸ್‌ನವನು ತನ್ನದೇ ನಂಬರ್ ಹಾಕಿಬಿಡುತ್ತಾನೆ. ವಿಮಾನ ಎರಡು ತಾಸು ಮುಂಚೆ ಹೊರಡುತ್ತದೆಂಬ ಸಂದೇಶ ಅವನ ಮೊಬೈಲಿಗೆ ಬಂದು, ಅವನು ನಿದ್ದೆಯಲ್ಲಿದ್ದು, ಪ್ರಯಾಣಿಕರು ಖಾಲಿ ನಿಲ್ದಾಣಕ್ಕೆ ಬಂದಿಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೌದು, ಸಣ್ಣ ಕಂಪನಿಯವರು ವೇಳೆಯನ್ನು ಹಿಂದಕ್ಕೆ ತಳ್ಳುವಷ್ಟೇ ಸಲೀಸಾಗಿ ಮುಂದಕ್ಕೂ ಎಳೆಯುತ್ತಾರೆ! ನಿನ್ನ ನಂಬರ್ ಹಾಕು, ಜೊತೆಗೆ ನಿಮ್ಮಪ್ಪನದೂ ಇರಲಿ. ಕಾನೂನಿಗೂ ಇದು ಬೇಕು. ವಿಮಾನ ರದ್ದಾದ ಸುದ್ದಿಯನ್ನು ಸಕಾಲಕ್ಕೆ ತಿಳಿಸದಿದ್ದರೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ಒಂದು ತಾಸಿನವರೆಗಿನ ಹಾರಾಟಕ್ಕೆ 5,000 ರೂಪಾಯಿ, ಅದಕ್ಕಿಂತ ಹೆಚ್ಚಿದ್ದು ಎರಡು ತಾಸಿನೊಳಗಿದ್ದರೆ 7,500 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಪರಿಹಾರವಾಗಿ ಕೊಡಬೇಕು. ಟಿಕೆಟ್ ಹಣ ವಾಪಸು ಬರುವುದು ಅದರ ಹೊರತು. ಆದರೆ ಸರಿಯಾದ ನಂಬರ್ ಕೊಡದವರಿಗೆ ಆ ಪರಿಹಾರ ಇಲ್ಲ. ಮಳೆ, ಮಂಜಿನಂಥ ಕಾರಣಕ್ಕೂ ಇಲ್ಲ. ಎರಡು ತಾಸು ಮೀರಿ ತಡವಾದರೆ ತಿಂಡಿ-ನೀರು ಕೊಡಬೇಕು. ನಿಮ್ಮಪ್ಪ ಸಂಕೋಚದ ಮನುಷ್ಯ, ಹಸಿದಿದ್ದರೂ ಕೇಳುವುದಿಲ್ಲ. ಕೇಳಲಿಕ್ಕೆ ಹಕ್ಕಿದೆ ಎಂದು ಮೊದಲೇ ಹೇಳಿಡು.

ಇನ್ನು ಗಂಟು-ಮೂಟೆ. ಅಕ್ಕ ಬರುತ್ತಾಳೆಂದರೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಕೆಂಪು ಖಾರ, ಒಂದು ಚೀಲ ತೊಗರಿಬೇಳೆ ಬಂದೇ ಬರುತ್ತವೆ. ನಿಲ್ಲಿಸಲು ನಿನ್ನಿಂದಾಗದು, ನನ್ನಿಂದಲೂ ಆಗದು. ಸಾಮಾನ್ಯವಾಗಿ ಕೊಡುವ ಮಿತಿ ಒಬ್ಬರಿಗೆ 15 ಕಿಲೋ ಲಗೇಜು, ಕೈಯಲ್ಲಿ 7 ಕಿಲೋ. ಟಿಕೆಟ್ಟಿನಲ್ಲಿ ಬರೆದದ್ದನ್ನು ನೋಡಿಕೊಂಡು ಮನೆಯಲ್ಲೇ ತೂಗಿಸು. ಎಣ್ಣೆ ತೇಲುವ ಉಪ್ಪಿನಕಾಯಿಯೂ ಖಾರದ ಪುಡಿಯೂ ಕೈಚೀಲದಲ್ಲಿ ಬೇಡ, ತಪಾಸಣೆಯವರು ತೆಗೆಸುತ್ತಾರೆ. ಅವು ಲಗೇಜಿಗೆ ಹೋಗಲಿ. ಒಣಕೊಬ್ಬರಿ ಮಾತ್ರ ಲಗೇಜಿಗೂ ಬೇಡ, ಎಣ್ಣೆಯಂಶ ಹೆಚ್ಚಿದ್ದು ಬೆಂಕಿ ಹತ್ತುವ ವಸ್ತುವೆಂದು ಅದಕ್ಕೆ ನಿಷೇಧವಿದೆ. ಪವರ್ ಬ್ಯಾಂಕ್ ಲಗೇಜಿಗೆ ಬೇಡ, ಕೈಚೀಲದಲ್ಲೇ ಇರಬೇಕು. ರೊಟ್ಟಿಯ ಡಬ್ಬಿಯನ್ನು ಅಕ್ಕ ಕೈಚೀಲದಲ್ಲಿ ಇಟ್ಟುಕೊಂಡರೂ ಯಾರೂ ಏನೂ ಅನ್ನರು. ಚಕ್ರದ ಸೂಟ್‌ಕೇಸನ್ನು ಒಳಗೆ ಒಯ್ಯುವ ಆಸೆ ಬಿಡಲಿ. ಐವತ್ತು ಸೀಟಿನ ಎಂಬ್ರೇಯರ್ 145ರಲ್ಲಾಗಲಿ ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್‌ನಲ್ಲಾಗಲಿ ತಲೆಯ ಮೇಲಿನ ಗೂಡು ಚಿಕ್ಕದು. ಬಾಗಿಲಲ್ಲೇ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಹಾಗಾಗಿ ಅಕ್ಕನ ಬಿ.ಪಿ., ಶುಗರ್ ಮಾತ್ರೆ ಮತ್ತು ಆಸ್ಪತ್ರೆಯ ಕಾಗದ ಸೂಟ್‌ಕೇಸಿನಲ್ಲಿ ಇರಬಾರದು, ಹೆಗಲ ಚೀಲದಲ್ಲಿ ಇರಬೇಕು. ಬಿರುಬಿಸಿಲಿನ ಮಧ್ಯಾಹ್ನ ಸಣ್ಣ ವಿಮಾನ ಹೊರುವ ಭಾರ ಕಡಿಮೆಯಾಗುತ್ತದೆ. ಬಿಸಿ ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೆ ಎತ್ತುವ ಬಲ ಸಾಲದು. ಆಗ ಒಂದೆರಡು ಲಗೇಜು ಮರುದಿನದ ವಿಮಾನಕ್ಕೆ ಉಳಿಯುವುದೂ ಉಂಟು.

ಇನ್ನು ಅಕ್ಕನ ಮೊಣಕಾಲಿನ ವಿಷಯ. ಸಣ್ಣ ನಿಲ್ದಾಣದಲ್ಲಿ ಟರ್ಮಿನಲ್‌ನಿಂದ ನೇರ ವಿಮಾನದ ಬಾಗಿಲಿಗೆ ಹಾಯುವ ಸೇತುವೆ ಇರುವುದಿಲ್ಲ. ಬಯಲಿನಲ್ಲಿ ನಡೆದು ಮೆಟ್ಟಿಲು ಹತ್ತಬೇಕು. ಎಟಿಆರ್ ನೆಲಕ್ಕೆ ತಗ್ಗಾಗಿ ನಿಲ್ಲುತ್ತದೆ, ಹಿಂಬದಿಯ ಬಾಗಿಲು, ಮೆಟ್ಟಿಲು ಕಡಿಮೆ. ಎಂಬ್ರೇಯರ್ 175 ಸ್ವಲ್ಪ ಎತ್ತರದ್ದು. ಬುಕ್ಕಿಂಗ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ಹಾಕು, ಎರಡು ದಿನ ಮೊದಲು ಫೋನಿನಲ್ಲಿ ಮತ್ತೊಮ್ಮೆ ಹೇಳು. ಮೆಟ್ಟಿಲು ಹತ್ತಲಾಗದವರನ್ನು ಎತ್ತುವ ವಾಹನ ಆ ನಿಲ್ದಾಣದಲ್ಲಿ ಇದೆಯೇ ಎಂದೂ ಕೇಳು. ನಿಲ್ದಾಣಕ್ಕೆ ಬಂದ ಮೇಲೆ ಕೇಳಿದರೆ ಅಲ್ಲಿನ ಮೂರು ಮಂದಿ ಸಿಬ್ಬಂದಿ ಏನು ತಾನೇ ಮಾಡಿಯಾರು. ಕೌಂಟರಿನಲ್ಲಿ ಕೂತ ಹುಡುಗನೇ ಆಮೇಲೆ ಗೇಟಿಗೆ ಓಡಬೇಕು. ಅದಕ್ಕೇ ಒಂದು ತಾಸು ಮುಂಚೆ ಕೌಂಟರ್ ಮುಚ್ಚಿದರೆ ಮುಚ್ಚಿದಂತೆಯೇ. ಊರು ಸಣ್ಣದು, ಪರಿಚಯದವರಿದ್ದಾರೆ, ಐದು ನಿಮಿಷ ನಿಲ್ಲಿಸುತ್ತಾರೆ ಎಂಬ ಬಸ್‌ಸ್ಟ್ಯಾಂಡಿನ ಲೆಕ್ಕ ಅಲ್ಲಿ ನಡೆಯದು. ಆಧಾರ್ ಕಾರ್ಡು ಅಸಲಿಯೇ ಇರಲಿ. ಬೀದರಿನಲ್ಲಿ ನಿಮ್ಮಪ್ಪ ಮೊಬೈಲ್ ತೆಗೆದು ಫೋಟೊ ಹೊಡೆಯದಂತೆ ನೋಡಿಕೊಳ್ಳಲು ಅಕ್ಕನಿಗೆ ಹೇಳು. ವಾಯುಪಡೆಯ ಜಾಗ, ಅಲ್ಲಿ ಫೋಟೊ ತೆಗೆಯುವಂತಿಲ್ಲ.

ಪಂಖದ ವಿಮಾನ ಎಂದು ಹೆದರುವವರು ಇನ್ನೂ ಇದ್ದಾರೆ. ಎಟಿಆರ್‌ಗೆ ಎರಡು ಎಂಜಿನ್, ಒಂದು ನಿಂತರೂ ಇನ್ನೊಂದರ ಬಲದಲ್ಲಿ ಹಾರಿ ಇಳಿಯುವಂತೆ ಕಟ್ಟಿರುತ್ತಾರೆ. ಹತ್ತಿರದ ಊರುಗಳಿಗೆ ಪಂಖವೇ ಕಡಿಮೆ ಇಂಧನ ಕುಡಿಯುತ್ತದೆ, ಅದಕ್ಕಾಗಿ ಇಟ್ಟಿದ್ದಾರೆ, ಬಡತನಕ್ಕಾಗಿ ಅಲ್ಲ. ಇಬ್ಬರು ಪೈಲಟ್‌ಗಳು ಬೇಕೇ ಬೇಕು, ಪರವಾನಗಿ ಕೊಡುವುದೂ ಅದೇ ಡಿಜಿಸಿಎ. ಕುಲುಕು ಮಾತ್ರ ತುಸು ಜಾಸ್ತಿ, ಮುಖ್ಯವಾಗಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ, ನೆಲದ ಕಾವು ಮೇಲೇಳುವ ಹೊತ್ತಿನಲ್ಲಿ. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕೂತರೆ ಅದು ಕಡಿಮೆ ಅನ್ನಿಸುತ್ತದೆ. ಪಂಖದ ಸದ್ದು ಬೇಡವಾದವರು ಹಿಂದಿನ ಸಾಲು ಹಿಡಿಯಲಿ. ಹೊರಡುವ ಮುಂಚೆ ಗಗನಸಖಿ ಬಂದು ಹಿಂದೆ ಹೋಗಿ ಕೂತುಕೊಳ್ಳಿ ಎಂದರೆ ಅಕ್ಕ ಅವಮಾನ ಎಂದುಕೊಳ್ಳಬಾರದು. ಸಣ್ಣ ವಿಮಾನದಲ್ಲಿ ತೂಕ ಹಿಂದೆ ಮುಂದೆ ಸರಿಹೊಂದಿಸಬೇಕಾಗುತ್ತದೆ, ಅಷ್ಟೇ.

ಬೆಂಗಳೂರಿನಲ್ಲಿ ಇಳಿದ ಮೇಲೆ ಯಾವ ಟರ್ಮಿನಲ್ ಎಂದು ಮೊದಲೇ ನೋಡಿ ಅಲ್ಲೇ ನಿಂತಿರು. ಸಣ್ಣ ಕಂಪನಿಯೆಂದರೆ ಹಳೆಯ ಟರ್ಮಿನಲ್ ಎಂಬ ಊಹೆ ಬೇಡ. 2023ರ ಜನವರಿಯಲ್ಲಿ ಎರಡನೆಯ ಟರ್ಮಿನಲ್‌ನಿಂದ ಎಲ್ಲಕ್ಕಿಂತ ಮೊದಲು ಹಾರಿದ್ದು ಕಲಬುರಗಿಗೆ ಹೊರಟ ಸ್ಟಾರ್ ಏರ್ ವಿಮಾನ. ನಿನ್ನ ತಮ್ಮನಿಗೂ ಒಂದು ಮಾತು ದಾಟಿಸು. ದುಬೈ ವಿಮಾನ ಹಿಡಿಯಲು ಅವನು ಬೀದರಿನಿಂದ ಅದೇ ದಿನ ಹೊರಡುವ ಯೋಚನೆಯಲ್ಲಿದ್ದಾನಂತೆ. ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾವ ಕಂಪನಿಯೂ ಹೊಣೆ ಹೊರುವುದಿಲ್ಲ. ಅವನು ಹಿಂದಿನ ದಿನವೇ ಬಂದು ನಿನ್ನ ಮನೆಯಲ್ಲಿ ಮಲಗಲಿ.

ಅಕ್ಕನಿಗೆ ಕಿಟಕಿ ಸೀಟು ಹಾಕಿಸು, ಭಾವನವರು ಬೇಕೆಂದರೂ ಕೊಡಬೇಡ. ಟಿಕೆಟ್ ಆದ ಕೂಡಲೇ ಅದರ ಪ್ರತಿಯನ್ನು ನನಗೂ ಕಳಿಸು, ಬೀದರಿನಲ್ಲಿ ನಿಲ್ದಾಣದವರೆಗೆ ಬಿಡುವ ಕೆಲಸ ನನ್ನದು.